ಬದುಕಿದ್ದಾಗ ಕೊಟ್ಟದ್ದು ಪಾಲಿನ ಲೆಕ್ಕಕ್ಕೆ ಬರುತ್ತದೆಯೇ?

ಗೋವೆಯ ಗೃಹಸ್ಥರೊಬ್ಬರು ಮುಂಬಯಿಯಲ್ಲಿ ಒಂದು ಆಸ್ತಿ ಕೊಂಡಿದ್ದರು. ಅದನ್ನು ಹೆಣ್ಣುಮಕ್ಕಳಲ್ಲಿ ಒಬ್ಬಳ ಹೆಸರಿಗೆ ಉಯಿಲು ಬರೆದಿಟ್ಟು ತೀರಿಕೊಂಡರು. ಮನೆಯೊಳಗೆ ತಕರಾರು ಹುಟ್ಟಿತು. ಈ ಆಸ್ತಿಯ ವಾರಸಿಕೆಗೆ ಮುಂಬಯಿಯ ಕಾನೂನು ಹಿಡಿಯಬೇಕೋ, ಗೋವೆಯದ್ದನ್ನೋ ಎಂಬ ಪ್ರಶ್ನೆ ದಶಕಗಳ ಕಾಲ ಅಲೆದು ಸುಪ್ರೀಂ ಕೋರ್ಟನ್ನು ಮುಟ್ಟಿತು. 2019ರ ಸೆಪ್ಟೆಂಬರಿನಲ್ಲಿ ಕೋರ್ಟು ಹೇಳಿದ್ದು ಇದು: ವ್ಯಕ್ತಿಯ ಕಾಯಂ ನೆಲೆ ಗೋವೆಯಾಗಿದ್ದರೆ ಅವರ ಆಸ್ತಿ ಭಾರತದ ಯಾವ ಮೂಲೆಯಲ್ಲಿದ್ದರೂ ವಾರಸಿಕೆ ನಡೆಯುವುದು ಪೋರ್ಚುಗೀಸ್ ನಾಗರಿಕ ಸಂಹಿತೆಯ ಪ್ರಕಾರವೇ.

ಇದರಿಂದ ವ್ಯತ್ಯಾಸವೇನು ಎಂದರೆ, ಬಹಳ ಇದೆ. 1867ರ ಆ ಸಂಹಿತೆಯಲ್ಲಿ ತಂದೆತಾಯಿ ತಮ್ಮ ಆಸ್ತಿಯ ಅರ್ಧವನ್ನು ಮಾತ್ರ ಮನಸ್ಸಿಗೆ ಬಂದವರಿಗೆ ಬರೆಯಬಹುದು. ಉಳಿದರ್ಧ ಮಕ್ಕಳಿಗೆ ಮೀಸಲು, ಯಾವ ಉಯಿಲೂ ಅದನ್ನು ಮುಟ್ಟುವಂತಿಲ್ಲ. ಬದುಕಿದ್ದಾಗ ಒಬ್ಬ ಮಗನಿಗೆ ಕೊಟ್ಟದ್ದನ್ನು ಪಾಲಿನ ದಿನ ಒಟ್ಟು ಆಸ್ತಿಗೆ ಮತ್ತೆ ಸೇರಿಸಿ ಲೆಕ್ಕ ಹಾಕುವ ಪದ್ಧತಿಯೂ ಅಲ್ಲಿದೆ. ಒಬ್ಬ ಮಗನಿಗೆ ಮನೆ ಮಾರಬೇಕೆಂದರೂ ಉಳಿದ ಮಕ್ಕಳ ಒಪ್ಪಿಗೆ ಬೇಕು. ಗೋವಾ ಸರ್ಕಾರ 2012ರಲ್ಲಿ ವಾರಸಿಕೆಗೆ ತನ್ನದೇ ಕಾಯ್ದೆ ಮಾಡಿದಾಗಲೂ ಈ ತಿರುಳನ್ನು ಉಳಿಸಿಕೊಂಡಿತು.

ಗೋವೆಯಿಂದ ಉತ್ತರಕ್ಕೆ, ಮಹಾರಾಷ್ಟ್ರದಲ್ಲಿ ಇದ್ಯಾವುದೂ ಇಲ್ಲ. ಡೊಂಬಿವಿಲಿಯಲ್ಲೋ ಪುಣೆಯ ಕೋಥ್ರೂಡಿನಲ್ಲೋ ನೆಲೆಸಿರುವ ಹಿಂದೂ ಗೃಹಸ್ಥ ತನ್ನ ಸ್ವಯಾರ್ಜಿತ ಆಸ್ತಿಯನ್ನೆಲ್ಲ ಒಬ್ಬ ಮಗನಿಗೆ ಬರೆಯಬಹುದು, ಊರ ದೇವಸ್ಥಾನಕ್ಕೆ ಬರೆಯಬಹುದು, ಎದುರು ಬಾಗಿಲಿನವರಿಗೂ ಬರೆಯಬಹುದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 30ನೇ ಕಲಮು ಕೊಟ್ಟ ಸ್ವಾತಂತ್ರ್ಯ ಅದು. ಮುಸ್ಲಿಂ ಕುಟುಂಬಗಳಲ್ಲಿ ಉಯಿಲಿಗೆ ಮೂರನೇ ಒಂದು ಭಾಗದ ಮಿತಿಯಿದೆ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಗೆ ಒಳಪಟ್ಟ ಕ್ರೈಸ್ತರಿಗೆ ಮಿತಿಯಿಲ್ಲ. ಉಯಿಲು ಬರೆಯದೆ ಹೋದರೆ ಹಿಂದೂ ಪುರುಷನ ಆಸ್ತಿ ಹೆಂಡತಿ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಇವರೆಲ್ಲರಿಗೆ ಸಮ ಸಮ.

ಆ ಸಮಪಾಲಿನಲ್ಲೇ ತೊಡಕಿರುವುದು. ಮಹಾರಾಷ್ಟ್ರದಲ್ಲಾಗಲಿ ಕರ್ನಾಟಕದಲ್ಲಾಗಲಿ ಕಾನೂನು ಎಣಿಸುವುದು ಸತ್ತ ದಿನ ಏನು ಉಳಿದಿದೆ ಎಂಬುದನ್ನು. ಮನೆಯವರು ಎಣಿಸುವುದು ಮೊದಲ ಮಗನ ಕಾಲೇಜು ಶುಲ್ಕದಿಂದ ಹಿಡಿದು ಇಂದಿನವರೆಗೆ ಯಾರಿಗೆ ಏನು ಹೋಯಿತು ಎಂಬುದನ್ನು. ಅಣ್ಣತಮ್ಮಂದಿರ ಜಗಳಗಳಲ್ಲಿ ಹೆಚ್ಚಿನವು ಈ ಎರಡು ಲೆಕ್ಕಗಳ ನಡುವಿನ ಅಂತರದಲ್ಲೇ ಹುಟ್ಟುತ್ತವೆ ಎಂದು ನನಗನಿಸುತ್ತದೆ. ಉಯಿಲಿನ ಮೇಲೆ ಇಷ್ಟೊಂದು ಚರ್ಚೆ ಮಾಡುವ ನಾವು, ಅದಕ್ಕೂ ಮೊದಲಿನ ಮೂವತ್ತು ವರ್ಷಗಳ ಕೊಡುಗೆಗಳ ಬಗ್ಗೆ ಒಂದು ಚೀಟಿಯನ್ನೂ ಬರೆದಿಡುವುದಿಲ್ಲ.

ಬರೆದಿಡದಿರುವುದಕ್ಕೆ ಸರ್ಕಾರವೂ ಒಂದು ಕಾರಣ. ಸತ್ತವರ ಆಸ್ತಿಯ ಮೇಲೆ 1953ರಲ್ಲಿ ಬಂದ ಎಸ್ಟೇಟ್ ಸುಂಕ 1985ರಲ್ಲಿ ಹೋಯಿತು. ದಾನ ತೆರಿಗೆ 1998ರ ಅಕ್ಟೋಬರಿನಲ್ಲಿ ನಿಂತಿತು. ಈಗ ಹೊರಗಿನವರಿಂದ ವರ್ಷಕ್ಕೆ 50,000 ರೂಪಾಯಿ ಮೀರಿ ಬಂದ ಉಡುಗೊರೆಗೆ ತೆರಿಗೆ ಬೀಳಬಹುದು. ಅಪ್ಪ, ಅಮ್ಮ, ಅಜ್ಜ, ಅಜ್ಜಿ, ಒಡಹುಟ್ಟಿದವರು ಎಷ್ಟು ಕೊಟ್ಟರೂ ಪಡೆದವನಿಗೆ ತೆರಿಗೆಯಿಲ್ಲ. ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆಯಬಾರದು ಎಂಬುದೊಂದು ನಿರ್ಬಂಧ ಉಂಟು, ಅಷ್ಟೆ. ತೆರಿಗೆ ಇಲ್ಲದ ಕಡೆ ಕಾಗದವೂ ಇರುವುದಿಲ್ಲ. ಇಪ್ಪತ್ತು ಲಕ್ಷ ಹೋದದ್ದಕ್ಕೆ ಪಾಸ್‌ಬುಕ್ಕಿನ ಒಂದು ಸಾಲಷ್ಟೇ ಸಾಕ್ಷಿ. ಅದು ಸಾಲವೋ, ದಾನವೋ, ಮುಂಗಡ ಪಾಲೋ ಎಂಬುದು ಕೊಟ್ಟವರ ಮನಸ್ಸಿನಲ್ಲಿ ಒಂದು, ತೆಗೆದುಕೊಂಡವನ ಮನಸ್ಸಿನಲ್ಲಿ ಇನ್ನೊಂದು.

ಒಂದು ಕಲ್ಪಿತ ಸಂಸಾರ ಇಟ್ಟುಕೊಂಡು ಲೆಕ್ಕ ಹಾಕೋಣ. ಕಾರ್ಕಳದ ಕಡೆಯಿಂದ ಬಂದು ಕ್ಯಾಂಟೀನು ನಡೆಸಿ ಡೊಂಬಿವಿಲಿಯಲ್ಲಿ ಫ್ಲ್ಯಾಟು ಮಾಡಿಕೊಂಡ ದಂಪತಿ. ಹಿರಿಯ ಮಗ, ನಡುವೆ ಮಗಳು, ಕಿರಿಯ ಮಗ. ಹಿರಿಯನಿಗೆ 2008ರಲ್ಲಿ ಠಾಣೆಯಲ್ಲಿ ಮನೆ ಕೊಳ್ಳಲು 15 ಲಕ್ಷ ಕೊಟ್ಟಿದ್ದರು. ಇಬ್ಬರೂ ಹೋದ ಮೇಲೆ 2025ರಲ್ಲಿ ಉಳಿದದ್ದು ಫ್ಲ್ಯಾಟು ಮತ್ತು ಠೇವಣಿ ಸೇರಿ 1 ಕೋಟಿ 35 ಲಕ್ಷ. ಕಾನೂನು ಮೂವರಿಗೂ 45 ಲಕ್ಷ ಕೊಟ್ಟು ಕೈ ತೊಳೆದುಕೊಳ್ಳುತ್ತದೆ.

ಆ 15 ಲಕ್ಷವನ್ನು ಅಂದಿನ ಬೆಲೆಯಲ್ಲೇ ಸೇರಿಸಿದರೆ ಒಟ್ಟು ಒಂದೂವರೆ ಕೋಟಿ, ತಲೆಗೆ 50. ಹಿರಿಯನಿಗೆ ಇನ್ನು ಬರಬೇಕಾದದ್ದು 35 ಮಾತ್ರ. ಆದರೆ 2008ರ 15 ಲಕ್ಷ 2025ರ 15 ಲಕ್ಷವಲ್ಲವಲ್ಲ. ಆದಾಯ ತೆರಿಗೆಯವರ ವೆಚ್ಚ ಹಣದುಬ್ಬರ ಸೂಚ್ಯಂಕ 2008–09ಕ್ಕೆ 137, 2025–26ಕ್ಕೆ 376. ಆ ಅಳತೆಯಲ್ಲಿ ಕೊಟ್ಟದ್ದರ ಇಂದಿನ ಬೆಲೆ ಸುಮಾರು 41 ಲಕ್ಷ. ಒಟ್ಟು 1 ಕೋಟಿ 76 ಲಕ್ಷ, ತಲೆಗೆ ಐವತ್ತೆಂಟೂವರೆಯ ಮೇಲೆ. ಹಿರಿಯನಿಗೆ ಉಳಿಯುವುದು ಹದಿನೇಳೂವರೆ ಚಿಲ್ಲರೆ ಲಕ್ಷ. ಠೇವಣಿಯಲ್ಲಿಟ್ಟಿದ್ದರೆ ಶೇಕಡಾ 7ರ ಚಕ್ರಬಡ್ಡಿಯಲ್ಲಿ ಅದು 47 ಲಕ್ಷವಾಗುತ್ತಿತ್ತು ಎಂದು ಕಿರಿಯ ವಾದಿಸಬಹುದು. ಠಾಣೆಯ ಮನೆಯ ಇಂದಿನ ಬೆಲೆಯಲ್ಲಿ ಆ ಹಣದ ಪಾಲೆಷ್ಟು ಎಂದು ಮಗಳು ಕೇಳಬಹುದು. ಆ ಮನೆಯ ಸಾಲದ ಕಂತನ್ನು ಹದಿನೈದು ವರ್ಷ ಕಟ್ಟಿದವನು ನಾನು ಎಂದು ಹಿರಿಯ ಹೇಳಿದರೆ ಅದೂ ನಿಜವೇ.

ನಾನಾದರೆ ಹಣದುಬ್ಬರದ ಅಳತೆಯನ್ನು ಹಿಡಿಯುತ್ತೇನೆ. ಕೊಟ್ಟ ಹಣದ ಕೊಳ್ಳುವ ಶಕ್ತಿಯನ್ನು ಹಿಂದಕ್ಕೆ ಕೇಳುವುದು ನ್ಯಾಯ. ಮಗನ ಧೈರ್ಯಕ್ಕೂ ಅದೃಷ್ಟಕ್ಕೂ ಬಂದ ಲಾಭದಲ್ಲಿ ಪಾಲು ಕೇಳುವುದು ಹೆಚ್ಚಾಯಿತು. ಆ ಹಣವನ್ನು ಅವನು ಶೇರಿನಲ್ಲಿ ಕಳೆದುಕೊಂಡಿದ್ದರೆ ನಷ್ಟದಲ್ಲಿ ಪಾಲು ಹಂಚಿಕೊಳ್ಳಲು ಯಾರೂ ಬರುತ್ತಿರಲಿಲ್ಲ. ಆದರೆ ಯಾವ ಅಳತೆ ಎಂಬುದು ಕೊಡುವಾಗಲೇ ಗೊತ್ತಾಗಿರಬೇಕು. ಕೊಟ್ಟ ದಿನ ಅರ್ಧ ಹಾಳೆಯಲ್ಲಿ, ಇದು ಹಿರಿಯನ ಪಾಲಿನ ಮುಂಗಡ, ಸೂಚ್ಯಂಕದ ಪ್ರಕಾರ ಲೆಕ್ಕಕ್ಕೆ ಬರತಕ್ಕದ್ದು ಎಂದು ಬರೆದು, ಮೂವರು ಮಕ್ಕಳಿಗೂ ಪ್ರತಿ ಕೊಟ್ಟು, ಉಯಿಲಿನಲ್ಲಿ ಅದನ್ನೇ ನಮೂದಿಸಿದರೆ ಗೋವೆಯ ಸಂಹಿತೆ ಕಡ್ಡಾಯವಾಗಿ ಮಾಡಿಸುವ ಕೆಲಸವನ್ನು ಡೊಂಬಿವಿಲಿಯ ತಂದೆ ಸ್ವಇಚ್ಛೆಯಿಂದ ಮಾಡಿದಂತಾಗುತ್ತದೆ. ಮುಂಗಡವಲ್ಲ, ಸುಮ್ಮನೆ ಕೊಟ್ಟದ್ದು ಎಂದಿದ್ದರೆ ಅದನ್ನೂ ಬರೆಯಲಿ.

ಇನ್ನು ಮಗಳ ಮದುವೆ. ಅವಳಿಗೆ 2005ರಲ್ಲಿ 25 ಪವನು ಹಾಕಿದ್ದರು ಎನ್ನಿ, ಅಂದರೆ 200 ಗ್ರಾಂ. ಆಗ ಹತ್ತು ಗ್ರಾಮಿಗೆ ಸುಮಾರು 7,000 ರೂಪಾಯಿ. ಒಟ್ಟು 1 ಲಕ್ಷ 40 ಸಾವಿರದ ಚಿನ್ನ. 2025ರಲ್ಲಿ ಹತ್ತು ಗ್ರಾಮು ಲಕ್ಷ ದಾಟಿದೆ, ಅದೇ ಚಿನ್ನ 20 ಲಕ್ಷಕ್ಕೂ ಮಿಕ್ಕಿತು. ಚಿನ್ನದ ವಿಷಯ ಬಂದಾಗ ಇಂದಿನ ಬೆಲೆ, ಅಣ್ಣನ ಮನೆಯ ವಿಷಯ ಬಂದಾಗ ಅಂದಿನ ಬೆಲೆ ಹಿಡಿಯುವ ಜಾಣತನವನ್ನು ಪಂಚಾಯಿತಿಗೆ ಕೂತ ಮಾವಂದಿರಲ್ಲಿ ಧಾರಾಳವಾಗಿ ಕಾಣಬಹುದು. ಮದುವೆಗೆ ಕೊಟ್ಟಾಯಿತಲ್ಲ ಎಂಬ ಮಾತಿಗೆ ಕಾನೂನಿನ ಬೆಂಬಲವಿಲ್ಲ. ಆ ಚಿನ್ನ ಅವಳ ಸ್ತ್ರೀಧನ; ಪಾಲು ಬೇರೆ.

ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳ ಹಕ್ಕು ಎಷ್ಟು ನಿಧಾನವಾಗಿ ಬಂತು ಎಂಬುದನ್ನು ಮುಂಬಯಿ, ಪುಣೆಯ ಕನ್ನಡಿಗರು ಎರಡು ರಾಜ್ಯಗಳಲ್ಲಿ ನೋಡಿದ್ದಾರೆ. ಮಹಾರಾಷ್ಟ್ರದ ತಿದ್ದುಪಡಿ 1994ರ ಜೂನಿನಲ್ಲಿ, ಕರ್ನಾಟಕದ್ದು ಮರು ತಿಂಗಳು ಜಾರಿಗೆ ಬಂದವು. ಎರಡೂ ಅಷ್ಟರೊಳಗೆ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಹೊರಗಿಟ್ಟವು. 2005ರ ಸೆಪ್ಟೆಂಬರ್ 9ರಂದು ಕೇಂದ್ರದ ತಿದ್ದುಪಡಿ ಬಂದು ಆ ಭೇದ ಅಳಿಸಿತು. ಅಂದು ತಂದೆ ಬದುಕಿರಬೇಕೇ ಎಂಬ ಗೊಂದಲ 2020ರ ಆಗಸ್ಟಿನವರೆಗೆ ಎಳೆಯಿತು. ಹಕ್ಕು ಹುಟ್ಟಿನಿಂದಲೇ ಬರುವುದರಿಂದ ತಂದೆ ಬದುಕಿರಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟು ಅದನ್ನು ಮುಗಿಸಿತು. ಅಂದಹಾಗೆ, ಹುಟ್ಟಿನಿಂದ ಹಕ್ಕು ಎಂಬ ತತ್ವವನ್ನು ಗಟ್ಟಿಗೊಳಿಸಿದ ಮಿತಾಕ್ಷರ ಎಂಬ ಧರ್ಮಶಾಸ್ತ್ರ ಗ್ರಂಥವನ್ನು ವಿಜ್ಞಾನೇಶ್ವರ ಬರೆದದ್ದು ಕನ್ನಡ ನೆಲದಲ್ಲೇ, ಚಾಲುಕ್ಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ. ಸೆಂಟ್ರಲ್ ರೈಲ್ವೆಯ ಕಲ್ಯಾಣವಲ್ಲ, ಬೀದರ ಜಿಲ್ಲೆಯ ಬಸವಕಲ್ಯಾಣ. ವಿಜ್ಞಾನೇಶ್ವರ ಅದನ್ನು ಗಂಡುಮಕ್ಕಳಿಗಷ್ಟೇ ಹೇಳಿದ್ದ. ಹೆಣ್ಣುಮಕ್ಕಳಿಗೆ ತಲುಪಲು ಒಂಬತ್ತು ಶತಮಾನ ಹಿಡಿಯಿತು.

ಹಕ್ಕು ಬಂದ ಮೇಲೆ ಏನಾಗುತ್ತಿದೆ? ಊರಿನ ಉತಾರದಲ್ಲಿ ಹೆಸರು ಬಂದ ಅಕ್ಕತಂಗಿಯರನ್ನು ತವರಿಗೆ ಕರೆಸಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ನಡೆದೇ ಇದೆ. ಪುಣೆಯ ಕಡೆ ಇದನ್ನೇ ಹಕ್ಕಸೋಡ್ ಎನ್ನುತ್ತಾರೆ. ಕೌಟುಂಬಿಕ ಕೊಡುಗೆಗಳ ನ್ಯಾಯದ ಬಗ್ಗೆ ಮಾತನಾಡುವಾಗ ಇದನ್ನು ಯಾರೂ ಕೊಡುಗೆಯೆಂದು ಎಣಿಸುವುದಿಲ್ಲ. ಆದರೆ ಎಷ್ಟೋ ಮನೆಗಳಲ್ಲಿ ಅತಿ ದೊಡ್ಡ ದಾನ ಅದೇ. ರಸ್ತೆ ಬದಿಯ ಎರಡೆಕರೆಯಲ್ಲಿ ತನ್ನ ಪಾಲನ್ನು ಅಣ್ಣನಿಗೆ ಬಿಟ್ಟುಕೊಟ್ಟವಳು ಒಂದು ಸೀರೆ, ಒಂದು ಹೋಳಿಗೆ ಊಟದೊಂದಿಗೆ ರಾತ್ರಿಯ ಬಸ್ಸು ಹತ್ತುತ್ತಾಳೆ. ಮನಃಪೂರ್ವಕವಾಗಿ ಬಿಟ್ಟರೆ ಯಾರದೂ ಆಕ್ಷೇಪವಿಲ್ಲ. ಬಿಟ್ಟದ್ದರ ಬೆಲೆ ಎಷ್ಟು ಎಂಬುದನ್ನಾದರೂ ಸಹಿಗೆ ಮೊದಲು ಅವಳಿಗೆ ಹೇಳಬೇಕು.

ಕರಾವಳಿಯ ಮೂಲದವರಿಗೆ ಇನ್ನೊಂದು ಸುತ್ತು ಇದೆ. ಮುಂಬಯಿಯ ಕನ್ನಡಿಗರಲ್ಲಿ ದೊಡ್ಡ ಭಾಗ ಅಳಿಯಸಂತಾನ ಕಟ್ಟಿನ ಕುಟುಂಬಗಳಿಂದ ಬಂದವರು. ಒಂದು ಕಾಲಕ್ಕೆ ಗಂಡಸಿನ ಆಸ್ತಿ ಅಕ್ಕತಂಗಿಯರ ಮಕ್ಕಳತ್ತ ಹರಿಯುತ್ತಿತ್ತು. 1956ರ ಕಾಯ್ದೆಯ ನಂತರ ಅವನು ಮುಂಬಯಿಯಲ್ಲಿ ಹೋಟೆಲು ನಡೆಸಿ ಗಳಿಸಿದ್ದು ಹೆಂಡತಿ, ಮಕ್ಕಳು, ತಾಯಿಗೆ ಹೋಗುತ್ತದೆ. ಹೆಂಗಸಿನ ಆಸ್ತಿಯಲ್ಲಿ ಮಾತ್ರ ಹಳೆಯ ಕಟ್ಟಿನ ನೆರಳು ಉಳಿದಿದೆ. ಅಳಿಯಸಂತಾನದವಳು ಉಯಿಲಿಲ್ಲದೆ ತೀರಿಕೊಂಡರೆ 17ನೇ ಕಲಮಿನ ಪ್ರಕಾರ ಮೊದಲ ಸಾಲಿನಲ್ಲಿ ನಿಲ್ಲುವವರು ಮಕ್ಕಳು ಮತ್ತು ಆಕೆಯ ತಾಯಿ. ಗಂಡ ಎರಡನೆಯ ಸಾಲಿನವನು. ಪಕ್ಕದ ಮನೆಯ ಧಾರವಾಡದ ಹೆಂಗಸಿನ ಆಸ್ತಿಯಲ್ಲಿ ಗಂಡ ಮಕ್ಕಳ ಜೊತೆಗೇ ಮೊದಲ ಸಾಲಿನಲ್ಲಿರುತ್ತಾನೆ. ಒಂದೇ ಮಹಡಿಯ ಎರಡು ಫ್ಲ್ಯಾಟುಗಳಿಗೆ ಎರಡು ಲೆಕ್ಕ. ಪತ್ನಿಯ ಹೆಸರಲ್ಲಿ ಮನೆ ಕೊಂಡವರಲ್ಲಿ ಇದನ್ನು ತಿಳಿದವರು ಕಡಿಮೆ.

ಯಾರು ಜೊತೆಗಿದ್ದರು ಎಂಬ ಪ್ರಶ್ನೆ ಮುಂಬಯಿಯಲ್ಲಿ ವಿಚಿತ್ರ ರೀತಿಯಲ್ಲಿ ಇತ್ಯರ್ಥವಾಗುತ್ತದೆ. ಗಿರಗಾಂವ್, ಲಾಲ್‌ಬಾಗ್ ಕಡೆಯ ಪಗಡಿ ಖೋಲಿಗಳು, ಅಂದರೆ ಮೊದಲೇ ದೊಡ್ಡ ಮೊತ್ತ ಕೊಟ್ಟು ಹಿಡಿದ ಬಾಡಿಗೆ ಕೋಣೆಗಳು, 1999ರ ಬಾಡಿಗೆ ನಿಯಂತ್ರಣ ಕಾಯ್ದೆಗೆ ಒಳಪಟ್ಟವು. ಬಾಡಿಗೆದಾರ ಸತ್ತಾಗ ಅವನ ಜೊತೆ ವಾಸವಾಗಿದ್ದ ಮನೆಯವರಿಗೆ ಬಾಡಿಗೆಯ ಹಕ್ಕು ದಾಟುತ್ತದೆ. ಅದನ್ನು ಉಯಿಲಿನಲ್ಲಿ ಬೇಕಾದವರಿಗೆ ಬರೆಯಲಾಗದು. ಒಂದೇ ಖೋಲಿಯಲ್ಲಿ ಇಬ್ಬರು ಸೊಸೆಯಂದಿರಿಗೆ ಜಾಗ ಸಾಲದೆಂದು ವಿರಾರಿಗೆ ಹೋಗಿ, ದಿನಾ ಲೋಕಲ್ ರೈಲಿನಲ್ಲಿ ನೇತಾಡಿದ ಹಿರಿಯ ಮಗ ಹೊರಗುಳಿಯುತ್ತಾನೆ. ಉಳಿದ ಕಿರಿಯನಿಗೆ ಖೋಲಿ ಬರುತ್ತದೆ. ಕಟ್ಟಡ ಮರುನಿರ್ಮಾಣಕ್ಕೆ ಹೋದರೆ ಹೊಸ ಫ್ಲ್ಯಾಟೂ ಅವನದೇ. ಕಾನೂನಿನ ಉದ್ದೇಶ ಜೊತೆಗಿದ್ದವರು ಬೀದಿಗೆ ಬೀಳದಿರಲಿ ಎಂಬುದಾಗಿತ್ತು. ಮರುನಿರ್ಮಾಣದ ಯುಗದಲ್ಲಿ ಅದು ಒಬ್ಬ ಮಗನಿಗೆ ಬಂದ ದೊಡ್ಡ ಬಹುಮಾನವಾಗಿದೆ. ಇಂಥ ಕಡೆ ತಂದೆ ತನ್ನ ಠೇವಣಿಯನ್ನೆಲ್ಲ ಹೊರಗೆ ಹೋದವನಿಗೆ ಬರೆದರೆ ನಾನು ಅದನ್ನು ಪಕ್ಷಪಾತ ಎನ್ನುವುದಿಲ್ಲ.

ಸ್ವಂತ ಫ್ಲ್ಯಾಟಿನವರಿಗೆ ಬೇರೆ ತೊಡಕು. ಸೊಸೈಟಿಯ ಸದಸ್ಯತ್ವ ಪಡೆದ ದಿನ ನಾಮಿನಿ ಎಂದು ಹಿರಿಯ ಮಗನ ಹೆಸರು ಬರೆದು ಮರೆತಿರುತ್ತಾರೆ. ತಂದೆ ಹೋದ ಮೇಲೆ ಮಗ ತಾನೇ ಮಾಲೀಕನೆಂದು ನಂಬುತ್ತಾನೆ, ತಂಗಿಯೂ ನಂಬುತ್ತಾಳೆ. ನಾಮಿನಿ ವಾರಸುದಾರರ ಪರವಾಗಿ ಹಿಡಿದಿಟ್ಟುಕೊಳ್ಳುವವನೇ ಹೊರತು ಮಾಲೀಕನಲ್ಲ. ಶೇರುಗಳ ವಿಷಯದಲ್ಲೂ ಸುಪ್ರೀಂ ಕೋರ್ಟು 2023ರ ಡಿಸೆಂಬರಿನಲ್ಲಿ ಇದನ್ನೇ ಹೇಳಿದೆ.

ಮೊಮ್ಮಕ್ಕಳ ವಿಷಯಕ್ಕೆ ಬಂದರೆ, ಅಜ್ಜನ ಆಸ್ತಿಯಲ್ಲಿ ಮೊಮ್ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಅವಿಭಕ್ತ ಕುಟುಂಬದ ಪಿತ್ರಾರ್ಜಿತಕ್ಕೆ ಅದು ಸರಿ. ಅಜ್ಜ ದುಡಿದು ಕೊಂಡ ಫ್ಲ್ಯಾಟಿಗೆ ಅಲ್ಲ. ಅಂಥ ಆಸ್ತಿ ಮಗನಿಗೆ ಬಂದಾಗ ಅದು ಮಗನ ಸ್ವಂತದ್ದು ಎಂದು 1986ರಲ್ಲೇ ಸುಪ್ರೀಂ ಕೋರ್ಟು ತೀರ್ಮಾನಿಸಿದೆ. ಅಪ್ಪನೋ ಅಮ್ಮನೋ ಬದುಕಿರುವಾಗ ಅವರ ಕಡೆಯ ಅಜ್ಜನ ಉಯಿಲಿಲ್ಲದ ಆಸ್ತಿಯಲ್ಲಿ ಮೊಮ್ಮಕ್ಕಳಿಗೆ ಏನೂ ಇಲ್ಲ. ಅವರು ಮೊದಲೇ ತೀರಿಹೋಗಿದ್ದರೆ ಅವರ ಒಂದು ಪಾಲನ್ನು ಅವರ ಮಕ್ಕಳು ಹಂಚಿಕೊಳ್ಳುತ್ತಾರೆ. ಅಂದರೆ ಕಾನೂನು ಎಣಿಸುವುದು ಕವಲುಗಳನ್ನು, ತಲೆಗಳನ್ನಲ್ಲ.

ಅಜ್ಜ ಅಜ್ಜಿಯರು ಎಣಿಸುವುದು ತಲೆಗಳನ್ನು. ನಮ್ಮ ಡೊಂಬಿವಿಲಿಯ ಸಂಸಾರದಲ್ಲಿ ಹಿರಿಯನಿಗೆ ಒಂದು ಮಗು, ಮಗಳಿಗೆ ಮೂರು, ಕಿರಿಯನಿಗೆ ಮಕ್ಕಳಿಲ್ಲ ಎನ್ನಿ. ಮೊಮ್ಮಕ್ಕಳಿಗೆಂದು 20 ಲಕ್ಷ ತೆಗೆದಿಟ್ಟರೆ ತಲೆಗೆ 5 ಲಕ್ಷ. ಮಗಳ ಕವಲಿಗೆ 15, ಹಿರಿಯನದಕ್ಕೆ 5, ಕಿರಿಯನಿಗೆ ಸೊನ್ನೆ. ಮಕ್ಕಳಿಲ್ಲದ ಕೊರಗಿನ ಮೇಲೆ ಇದೊಂದು. ಮೂರು ಕವಲಿನ ಪ್ರಕಾರ ಹಂಚಿದರೆ ಹಿರಿಯನ ಒಂದೇ ಮಗುವಿಗೆ ಆರೂ ಮುಕ್ಕಾಲು ಲಕ್ಷದ ಹತ್ತಿರ, ಮಗಳ ಒಂದೊಂದು ಮಗುವಿಗೆ ಎರಡೂ ಕಾಲು ಲಕ್ಷದಷ್ಟೂ ಇಲ್ಲ. ಎರಡರಲ್ಲಿ ಒಂದನ್ನೇ ಎಲ್ಲ ಕಡೆ ಹಿಡಿಯಬೇಕು ಎಂದೇನಿಲ್ಲ. ಮಗು ತನ್ನನ್ನು ಹೋಲಿಸಿಕೊಳ್ಳುವುದು ಮಾವನ ಮಗನ ಜೊತೆ, ಅದರ ತಾಯಿ ಹೋಲಿಸಿಕೊಳ್ಳುವುದು ಅಣ್ಣನ ಜೊತೆ. ಆದ್ದರಿಂದ ಹುಟ್ಟುಹಬ್ಬ, ಉಪನಯನ, ಶಾಲೆಯ ಶುಲ್ಕದಂಥ ಕೊಡುಗೆಗಳು ತಲೆಗೆ ಸಮನಾಗಿರಲಿ. ಮನೆ, ಭೂಮಿ, ದೊಡ್ಡ ಠೇವಣಿಗಳು ಕವಲಿಗೆ ಸಮನಾಗಿರಲಿ ಎನ್ನುವುದು ನನ್ನ ಮತ. ಒಬ್ಬ ಮೊಮ್ಮಗನ ಖಾಸಗಿ ವೈದ್ಯಕೀಯ ಸೀಟಿಗೆ ಕೊಟ್ಟದ್ದು ಶಾಲೆಯ ಶುಲ್ಕದ ಸಾಲಿಗೆ ಸೇರುವುದಿಲ್ಲ. ಅದು ಅವನ ತಂದೆಯ ಪಾಲಿನ ಮುಂಗಡ.

ಹೆಣ್ಣು ಮೊಮ್ಮಗಳಿಗೆ ಸುಕನ್ಯಾ ಸಮೃದ್ಧಿ ಖಾತೆ ತೆರೆದ ಅಜ್ಜಂದಿರು ಅನೇಕರು. ಆ ಖಾತೆಯನ್ನು ತೆರೆಯಬೇಕಾದವರು ತಂದೆತಾಯಿ ಅಥವಾ ಕಾನೂನುಬದ್ಧ ಪಾಲಕರು. ಅಜ್ಜ ಅಜ್ಜಿಯರು ತೆರೆದ ಖಾತೆಗಳ ಪಾಲಕತ್ವವನ್ನು ಅವರಿಗೆ ವರ್ಗಾಯಿಸಬೇಕೆಂದು 2024ರಲ್ಲಿ ಹಣಕಾಸು ಸಚಿವಾಲಯ ಸೂಚಿಸಿತು. ಹಣ ಅಜ್ಜ ಕೊಡಬಹುದು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ.

ಇಷ್ಟೆಲ್ಲ ನ್ಯಾಯ ಮಾಡುವ ಭರದಲ್ಲಿ ತಂದೆತಾಯಿ ತಮ್ಮನ್ನೇ ಮರೆಯುವುದುಂಟು. ಮಹಾರಾಷ್ಟ್ರದಲ್ಲಿ ವಾಸದ ಮನೆಯನ್ನು ಗಂಡ, ಹೆಂಡತಿ, ಮಗ, ಮಗಳು, ಮೊಮ್ಮಕ್ಕಳಿಗೆ ದಾನಪತ್ರದ ಮೂಲಕ ಕೊಟ್ಟರೆ 2015ರಿಂದ ಮುದ್ರಾಂಕ ಶುಲ್ಕ ಕೇವಲ 200 ರೂಪಾಯಿ. ಕೆಲವೆಡೆ ಸ್ಥಳೀಯ ಮೇಲ್ತೆರಿಗೆ ಸೇರಬಹುದು. ಇಷ್ಟು ಅಗ್ಗವಾದದ್ದಕ್ಕೆ ಮರುಳಾಗಿ ಇರುವ ಒಂದೇ ಮನೆಯನ್ನು ಬರೆದುಕೊಟ್ಟವರಿಗೆ ಅದನ್ನು ಹಿಂದಕ್ಕೆ ಪಡೆಯುವುದು ಅಗ್ಗವಲ್ಲ. ನೋಂದಣಿಯಾದ ದಾನವನ್ನು ಮನಸ್ಸು ಬದಲಾಯಿತೆಂದು ರದ್ದು ಮಾಡಲಾಗದು. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮು ಒಂದು ದಾರಿ ಕೊಡುತ್ತದೆ: ಆರೈಕೆ ಮಾಡಬೇಕೆಂಬ ಷರತ್ತಿನ ಮೇಲೆ ಕೊಟ್ಟಿದ್ದು, ಮಗ ಮಾಡದಿದ್ದರೆ ದಾನವನ್ನು ನ್ಯಾಯಮಂಡಳಿ ಅಸಿಂಧುಗೊಳಿಸಬಹುದು. ಷರತ್ತು ಇರಲೇಬೇಕು ಎಂದು 2022ರಲ್ಲಿ ಹೇಳಿದ ಸುಪ್ರೀಂ ಕೋರ್ಟು, 2025ರ ಜನವರಿಯಲ್ಲಿ ಈ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕು ಎಂದಿತು. ಆ ಉದಾರತೆಯನ್ನು ನಂಬಿ ಷರತ್ತು ಬರೆಯದಿರುವುದು ಬುದ್ಧಿವಂತಿಕೆಯಲ್ಲ. ಬದುಕಿರುವವರೆಗೆ ವಾಸದ ಹಕ್ಕು ತಮ್ಮದು ಎಂಬ ಸಾಲನ್ನೂ ದಾನಪತ್ರದಲ್ಲೇ ಹಾಕಿಸಬೇಕು.

ಆರೈಕೆ ಎಂದಾಗ ಎಲ್ಲರೂ ಮಗನ ಹೆಸರು ಹೇಳುತ್ತಾರೆ. ಅತ್ತೆಯ ಡಯಾಲಿಸಿಸ್‌ಗೆ ವಾರಕ್ಕೆ ಮೂರು ದಿನ ರಿಕ್ಷಾ ಹಿಡಿದು ಹೋದವಳು ಸಾಮಾನ್ಯವಾಗಿ ಸೊಸೆ. ಗಂಡ ಬದುಕಿರುವ ಸೊಸೆ ಯಾವ ವಾರಸುದಾರರ ಪಟ್ಟಿಯಲ್ಲೂ ಇಲ್ಲ. 200 ರೂಪಾಯಿಯ ರಿಯಾಯಿತಿಯ ಪಟ್ಟಿಯಲ್ಲೂ ಅವಳಿಲ್ಲ, ಗಂಡ ತೀರಿಹೋಗಿದ್ದರೆ ಮಾತ್ರ ಅವಳಿಗೆ ಅಲ್ಲಿ ಜಾಗ. ಅತ್ತೆಮಾವಂದಿರು ಅವಳ ಹೆಸರಿಗೆ ಠೇವಣಿ ಮಾಡಿಕೊಟ್ಟರೆ ಅದರ ಬಡ್ಡಿಯನ್ನು ಆದಾಯ ತೆರಿಗೆಯವರು ಕೊಟ್ಟವರ ಆದಾಯಕ್ಕೇ ಸೇರಿಸುತ್ತಾರೆ. ಉಯಿಲಿನ ಮೂಲಕ ಕೊಟ್ಟರೆ ಈ ಯಾವ ತೊಡಕೂ ಇಲ್ಲ. ಉಯಿಲಿಗೆ ಮುದ್ರಾಂಕ ಬೇಡ, ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳು ಸಾಕು. ಮುಂಬಯಿ ನಗರದ ಉಯಿಲುಗಳಿಗೆ ಬಹುಕಾಲದಿಂದ ಕಡ್ಡಾಯವಾಗಿದ್ದ ಪ್ರೊಬೇಟನ್ನೂ, ಅಂದರೆ ಕೋರ್ಟಿನ ದೃಢೀಕರಣವನ್ನೂ, ಸಂಸತ್ತು 2025ರ ಡಿಸೆಂಬರಿನಲ್ಲಿ ತೆಗೆದುಹಾಕಿದೆ. ಎಷ್ಟು, ಯಾತಕ್ಕಾಗಿ ಎಂಬುದನ್ನು ಉಯಿಲಿನಲ್ಲೇ ಎರಡು ಸಾಲು ಬರೆದರೆ, ಅವಳಿಗೇಕೆ ಎಂದು ಮುಂದೆ ಕೇಳುವವರಿಗೆ ಅವಳೇ ಉತ್ತರ ಕೊಡುತ್ತ ಕೂರಬೇಕಾಗುವುದಿಲ್ಲ.